ತಿಗಣೆಯ ಹೆಸರಲ್ಲಿ ಹೋದ ಶನಿವಾರ

ನಮ್ಮ ಕಟ್ಟಡದಲ್ಲಿ ಶನಿವಾರ ಸಂಜೆ ಐದು ಗಂಟೆಯ ಸೌನಾ ಸರದಿ ಸಿಗಬೇಕಾದರೆ ಯಾರಾದರೂ ಸಾಯಬೇಕು. ತಮಾಷೆಗೆ ಹೇಳುತ್ತಿಲ್ಲ. ನೆಲಮಾಳಿಗೆಯಲ್ಲಿರುವುದು ಒಂದೇ ಸೌನಾ, ಮನೆಗಳು ಹನ್ನೆರಡು. ಒಂದೊಂದು ಮನೆಗೆ ವಾರಕ್ಕೆ ಒಂದು ಗಂಟೆ. ಬುಧವಾರ, ಗುರುವಾರದ ಸರದಿ ಯಾರಿಗೆ ಬೇಕು? ಹಬೆಯಲ್ಲಿ ಕೂತು ಬೆವರಿ ಮೈ ತೊಳೆಯುವುದಕ್ಕೆ ದೇವರು ಮಾಡಿದ ದಿನ ಶನಿವಾರ. ಅದರಲ್ಲೂ ಐದು ಗಂಟೆ ಅಂದರೆ ಹಬೆ ಏಳಲು ನೀರು ಸುರಿಯುವ ಒಲೆಗಲ್ಲುಗಳು ಹದವಾಗಿ ಕಾದಿರುತ್ತವೆ, ಮುಗಿಸಿ ಮೇಲೆ ಬಂದರೆ ಸಾಸೇಜ್ ಸುಡುವುದಕ್ಕೆ ಸರಿಯಾದ ಹೊತ್ತು. ನನ್ನದು ಬುಧವಾರ ಎಂಟು ಗಂಟೆ. ಇಪ್ಪತ್ತೆರಡು ವರ್ಷದಿಂದ ಅದೇ. ಹಾಗೆಂದು ನಾನು ಯಾರ ಸಾವನ್ನೂ ಬಯಸಿದವನಲ್ಲ, ಒಂದೆರಡು ಸಲ ಬಿಟ್ಟರೆ.

ಆ ಶನಿವಾರದ ಐದು ಗಂಟೆ ಹೆಲ್ವಿ ಸೋರ್ಮುನೆನ್‌ಳದು. ನನ್ನ ತಲೆಯ ಮೇಲಿನ ಮನೆಯವಳು, ವಯಸ್ಸು ಎಪ್ಪತ್ತಾರು. ಸರದಿ ಅವಳ ಕೈಯಲ್ಲಿ ಮೂವತ್ತೊಂದು ವರ್ಷದಿಂದ ಇದೆ. ಅದರಲ್ಲಿ ಇಪ್ಪತ್ತೈದು ವರ್ಷ ಗಂಡ ಪಾವೊ ಜೊತೆಗಿದ್ದ. ಅವನು ತೀರಿಕೊಂಡ ಮೇಲೆ ಒಬ್ಬಳೇ ಇಳಿದು ಹೋಗುತ್ತಾಳೆ. ಪ್ರತಿ ಭಾನುವಾರ ಬೆಳಿಗ್ಗೆ ಅವಳ ಬಾಲ್ಕನಿಯ ಹಗ್ಗದ ಮೇಲೆ, ಸೌನಾದ ಹಲಗೆಗೆ ಹಾಸಿ ಕೂರುವ ನಾರಿನ ಬಟ್ಟೆ ಎರಡು ಒಣಗುತ್ತಿರುತ್ತವೆ. ಕೂರುವವಳು ಒಬ್ಬಳು, ಬಟ್ಟೆ ಎರಡೇಕೆ ಎಂದು ನಾನು ಕೇಳಿದವನಲ್ಲ. ನಮ್ಮಲ್ಲಿ ನೆರೆಯವರನ್ನು ಇಪ್ಪತ್ತು ವರ್ಷ ನೋಡುತ್ತೇವೆ, ಏನನ್ನೂ ಕೇಳುವುದಿಲ್ಲ. ಅದಕ್ಕೆ ಸಭ್ಯತೆ ಎಂದು ಹೆಸರಿಟ್ಟುಕೊಂಡಿದ್ದೇವೆ.

ಹೆಲ್ವಿಯನ್ನು ನಾನು ಈ ಕಟ್ಟಡಕ್ಕೆ ಬರುವ ಮೊದಲೇ ಬಲ್ಲೆ. ನಮ್ಮ ಪಿಯೆಕ್ಸಮಾಕಿ ರೈಲಿನ ಊರು. ನಾನು ಯಾರ್ಡಿನಲ್ಲಿ ಬೋಗಿ ಜೋಡಿಸುತ್ತಿದ್ದೆ, ಅವಳು ವರ್ಕ್‌ಶಾಪಿನಲ್ಲಿ ಸೀಟು ಹೊಲಿಯುತ್ತಿದ್ದಳು. ಮೂವತ್ತೆಂಟು ವರ್ಷ ರೈಲಿನ ಸೀಟು ಬಿಚ್ಚಿದಳು, ತುಂಬಿದಳು, ಹೊಲಿದಳು. ದೇಶದ ಅರ್ಧ ಜನ ಅವಳು ಹೊಲಿದದ್ದರ ಮೇಲೆ ಕೂತು ಪ್ರಯಾಣ ಮಾಡಿದ್ದಾರೆ, ಒಬ್ಬನಿಗೂ ಅವಳ ಹೆಸರು ಗೊತ್ತಿಲ್ಲ. ಸೀಟಿನ ಒಳಗೆ ಏನೇನಿರುತ್ತದೆ ಎಂದು ಸೀಟಿನ ಮೇಲೆ ಕೂತವರಿಗೆ ಗೊತ್ತಿರುವುದಿಲ್ಲ. ಅವಳಿಗೆ ಗೊತ್ತಿತ್ತು. ಕೆಲಸಕ್ಕೆ ಸೇರಿದ ಮೊದಲ ವಾರ ಮುದುಕ ಮೇಸ್ತ್ರಿ ಅವಳ ಕೈಗೆ ಕತ್ತರಿ ಕೊಡುವ ಮೊದಲು ಒಂದು ಸೀಟಿನ ಹೊಲಿಗೆಯನ್ನು ಬೆರಳಿನಿಂದ ಬಿಡಿಸಿ, "ಮೊದ್ಲು ಮೂಸು ಹುಡುಗಿ, ಆಮೇಲೆ ನೋಡು, ಆಮೇಲೆ ಮುಟ್ಟು" ಎಂದನಂತೆ. ತಿಗಣೆ ಇದ್ದರೆ ಕೊಳೆತ ರಾಸ್ಪ್‌ಬೆರಿಯ ಸಿಹಿ ವಾಸನೆ ಬರುತ್ತದಂತೆ. ಅಂದಿನಿಂದ ಹೆಲ್ವಿಯ ಮೂಗು ಊರಿಗೇ ಹೆಸರುವಾಸಿ.

ತಿಗಣೆಯ ಪರಿಚಯ ಅವಳಿಗೆ ಅದಕ್ಕೂ ಹಿಂದಿನದು. ಅವಳು ಹುಟ್ಟಿದ್ದು ಉತ್ತರದ ಕಾಡಿನಂಚಿನ ಒಂದೇ ಕೋಣೆಯ ಮನೆಯಲ್ಲಿ. ಅಲ್ಲಿ ತಿಗಣೆ ಹೆಚ್ಚಾದರೆ ಜನವರಿಯ ಕಡುಚಳಿಗೆ ಕಾದು, ಒಲೆ ಆರಿಸಿ, ಕಿಟಕಿ ಬಾಗಿಲು ಹಾರುಹೊಡೆದು, ಮನೆಯನ್ನೇ ಹೆಪ್ಪುಗಟ್ಟಿಸುತ್ತಿದ್ದರು. ಆ ಎರಡು ವಾರ ಅಪ್ಪ, ಅಮ್ಮ, ಆರು ಮಕ್ಕಳು, ಒಂದು ಹಸುಗರು ಎಲ್ಲರೂ ಅಂಗಳದ ಸೌನಾ ಗುಡಿಸಲಲ್ಲೇ ಸಂಸಾರ. "ನಮ್ಮಮ್ಮ ನನ್ನ ಹೆತ್ತಿದ್ದೂ ಸೌನಾದಲ್ಲೇ, ಅಜ್ಜಿ ಹೆಣ ತೊಳೆದಿದ್ದೂ ಅಲ್ಲೇ, ತಿಗಣೆಗೆ ಹೆದರಿ ಓಡಿ ಹೋಗ್ತಿದ್ದಿದ್ದೂ ಅಲ್ಲಿಗೇ" ಎಂದು ಒಮ್ಮೆ ಹೇಳಿದ್ದಳು. ಇದನ್ನು ನೆನಪಿಟ್ಟುಕೊಳ್ಳಿ. ನಮ್ಮವರು ದೇವರನ್ನು ಬೇಕಾದರೆ ಅನುಮಾನಿಸುತ್ತಾರೆ, ಸೌನಾವನ್ನು ಅನುಮಾನಿಸುವುದಿಲ್ಲ.

ನಿವೃತ್ತಿಯಾದ ಮೇಲೂ ಅವಳ ಕೈ ಸುಮ್ಮನಿರಲಿಲ್ಲ. ಯಾರೋ ಎಸೆದ ಕುರ್ಚಿ ತರುವುದು, ಬಿಚ್ಚುವುದು, ಹೊಸದು ಮಾಡುವುದು. ಈ ಫೆಬ್ರವರಿಯಲ್ಲಿ ಸತ್ತ ಪಾದ್ರಿಯೊಬ್ಬರ ಮನೆಯಿಂದ ಕುದುರೆಕೂದಲು ತುಂಬಿದ ದೊಡ್ಡ ಆರಾಮಕುರ್ಚಿಯೊಂದನ್ನು ತಂದಳು. ಮೆಟ್ಟಿಲ ಮೇಲೆ ಹೊತ್ತವನು ನಾನೇ. ಕೋಣೆಯಲ್ಲಿ ಇಳಿಸಲು ಬಿಡಲಿಲ್ಲ. ನೇರ ಬಾಲ್ಕನಿಯಲ್ಲಿ ಇಡಿಸಿ, ಹೊಲಿಗೆಯನ್ನೆಲ್ಲ ಬಿಚ್ಚಿ, ಮೈನಸ್ ಇಪ್ಪತ್ತೈದರ ಚಳಿಯಲ್ಲಿ ಎರಡು ವಾರ ಬಿಟ್ಟಳು.

"ಇದ್ರಲ್ಲೇನೂ ವಾಸ್ನೆ ಇಲ್ಲ. ಆದ್ರೂ ಚಳಿ ಕುಡೀಲಿ. ಪಾದ್ರಿ ಮನೇದು ಅಂತ ನಂಬಕ್ಕಾಗತ್ತಾ ತೌನೊ?" ಎಂದಳು. ತೌನೊ ಅಂದರೆ ನಾನು.

ಕುರ್ಚಿ ಮೆಟ್ಟಿಲು ಹತ್ತಿದ್ದನ್ನು ಇಡೀ ಕಟ್ಟಡ ನೋಡಿತು. ಬಾಲ್ಕನಿಯಲ್ಲಿ ಚಳಿ ಕುಡಿದದ್ದನ್ನು ನಾನೊಬ್ಬನೇ ನೋಡಿದೆ.

ಈಗ ಇನ್ನೊಬ್ಬರ ವಿಷಯ. ಒಸ್ಮೊ ಹಿರ್ವೆಲಾ, ನಮ್ಮ ಮನೆ ಸಂಘದ ಅಧ್ಯಕ್ಷರು. ಮೂವತ್ತಾರು ವರ್ಷ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸಿದ ಮೇಷ್ಟ್ರು. ಕಟ್ಟಡದೊಳಗೆ ನಾಯಿ ಬೆಕ್ಕು ಸಾಕಬಾರದು ಎಂಬ ನಿಯಮ ತಂದವರೂ ಅವರೇ, ಯಾಕೆಂದರೆ ಅವರ ಪ್ರೀತಿಯೆಲ್ಲ ಹಕ್ಕಿಗಳಿಗೆ ಮೀಸಲು. ಅಂಗಳದ ಬರ್ಚ್ ಮರಗಳಿಗೆ ಅವರು ತಮ್ಮ ಕೈಯಾರೆ ಮಾಡಿ ನೇತುಹಾಕಿದ ಹಕ್ಕಿಗೂಡಿನ ಪೆಟ್ಟಿಗೆಗಳು ಇಪ್ಪತ್ಮೂರು. ಒಂದೊಂದರ ಮೇಲೂ ಹೆಸರಿನ ಮೊದಲಕ್ಷರ, ಸಂಖ್ಯೆ, ಕಾದ ಕಬ್ಬಿಣದಲ್ಲಿ ಸುಟ್ಟು ಬರೆದದ್ದು. ಪ್ರತಿ ವರ್ಷ ಅಕ್ಟೋಬರಿನಲ್ಲಿ ಇಳಿಸಿ, ಹಳೆಯ ಗೂಡು ಕೊಡವಿ, ಶುಚಿ ಮಾಡುತ್ತಿದ್ದರು. ಹೋದ ಅಕ್ಟೋಬರಿನಲ್ಲಿ ಸೊಂಟದ ಆಪರೇಷನ್ ಆಯಿತು. ಹಾಗಾಗಿ ಈ ಸಲ ಮಾರ್ಚ್ ಮೊದಲ ವಾರ ಇಳಿಸಿದರು. ಹಿಮದಲ್ಲಿ ನೆನೆದ ಪೆಟ್ಟಿಗೆ ಕೊಡವುವ ಮೊದಲು ಒಣಗಬೇಕಲ್ಲ, ಸೌನಾದ ಹೊರಕೋಣೆಯಲ್ಲಿ, ನಾವು ಬಟ್ಟೆ ಬಿಚ್ಚಿ ಕೂರುವ ಬೆಂಚಿನ ಕೆಳಗೆ, ಸಾಲಾಗಿ ಜೋಡಿಸಿಟ್ಟರು. ಒಳಗೆ ನೂರು ಡಿಗ್ರಿ ಇದ್ದರೂ ಹೊರಕೋಣೆ ಹಿತವಾಗಿ ಬೆಚ್ಚಗಿರುತ್ತದೆ. ಯಾರೂ ತಕರಾರು ಮಾಡಲಿಲ್ಲ. ಹಕ್ಕಿಗೆ ಯಾರಾದರೂ ತಕರಾರು ಮಾಡುತ್ತಾರೆಯೇ?

ಅವರ ಸೌನಾ ಸರದಿ ಗುರುವಾರ ನಾಲ್ಕು ಗಂಟೆ. ಅಧ್ಯಕ್ಷರಾಗಿ ಹದಿನಾಲ್ಕು ವರ್ಷವಾದರೂ ಗುರುವಾರವೇ. ಅವರ ಹೆಂಡತಿ ಸೈಮಿ ಮೆಟ್ಟಿಲ ಬಳಿ ಸಿಕ್ಕಾಗೆಲ್ಲ, "ನಮ್ಮೋರು ಯಾವತ್ತೂ ತಮಗೆ ಅಂತ ಏನೂ ಕೇಳ್ಕೊಂಡೋರಲ್ಲ" ಎನ್ನುತ್ತಿದ್ದಳು. ಕೇಳಿಕೊಂಡರೂ ಹೆಲ್ವಿ ಬದುಕಿರುವಷ್ಟು ದಿನ ಸಿಗುವ ಹಾಗಿರಲಿಲ್ಲ.

ಮಾರ್ಚ್ ಎರಡನೆಯ ವಾರ ಸೈಮಿಯ ಕಾಲಿಗೆ ಕೆಂಪು ಗುಳ್ಳೆಗಳೆದ್ದವು. ಎರಡು ದಿನಕ್ಕೆ ಮೊದಲ ಮಹಡಿಯ ನರ್ಸ್ ರೀಕ್ಕಾಳಿಗೆ. ಆಮೇಲೆ ನನಗೆ. ಕೆರೆದು ಕೆರೆದು ಸಾಕಾಯಿತು. ನನ್ನ ಜನ್ಮದಲ್ಲಿ ಇಂಥ ತುರಿಕೆ ಕಂಡಿರಲಿಲ್ಲ, ದರಿದ್ರ! ಅದೇ ವಾರ ಮೆಟ್ಟಿಲ ಬಳಿಯ ಫಲಕದ ಮೇಲೆ ಮೇಷ್ಟ್ರ ದುಂಡು ಅಕ್ಷರದಲ್ಲಿ ಒಂದು ಚೀಟಿ ಬಿತ್ತು: "ಕಟ್ಟಡದಲ್ಲಿ ತಿಗಣೆ. ಹಳೆಯ ಪೀಠೋಪಕರಣ ತರುವವರು ಆತ್ಮಸಾಕ್ಷಿಯನ್ನು ಕೇಳಿಕೊಳ್ಳಬೇಕು. ಸೋಮವಾರ ಆರಕ್ಕೆ ಸಭೆ, ಕಾಫಿ ಇದೆ."

ಸಭೆಯ ಹಿಂದಿನ ದಿನ ಮೇಷ್ಟ್ರು ನನ್ನನ್ನು ಅಂಗಳದಲ್ಲಿ ಹಿಡಿದರು. ಆಡಳಿತ ಮಂಡಳಿಯಲ್ಲಿ ನಾನೂ ಒಬ್ಬ.

"ತೌನೊ, ಸರದಿ ಪಟ್ಟಿ ಸ್ವಲ್ಪ ಹಿಂದೆ ಮುಂದೆ ಆಗ್ಬೋದು. ಶುಕ್ರವಾರ ಏಳು ಗಂಟೆ ಖಾಲಿ ಆಗೋ ಹಾಗಿದೆ. ನಿನಗೆ ಬುಧವಾರ ಸಾಕಾಗಿದೆ ಅಲ್ವಾ?"

ನಾನು ಬೇಡ ಅನ್ನಲಿಲ್ಲ.

ಸಭೆಗೆ ಹದಿನೈದು ಜನ ಬಂದರು. ಉದ್ದ ಮೇಜು, ಕಾಫಿ, ಸೈಮಿ ಮಾಡಿದ ಏಲಕ್ಕಿ ಬನ್ನು. ಹೆಲ್ವಿ ಮೇಜಿನ ತುದಿಯಲ್ಲಿ ಕೂತಿದ್ದಳು. ಅವಳ ಅಕ್ಕಪಕ್ಕದ ಕುರ್ಚಿ ಎರಡೂ ಖಾಲಿ.

"ನಾನು ಯಾರ ಹೆಸರೂ ಎತ್ತಲ್ಲ" ಎಂದರು ಮೇಷ್ಟ್ರು, ಹೆಲ್ವಿಯನ್ನೇ ನೋಡುತ್ತ.

"ಎತ್ತಿ ಮೇಷ್ಟ್ರೇ. ನನ್ನ ಹೆಸರೇನು ಅಷ್ಟು ಭಾರ ಇಲ್ಲ" ಎಂದಳು ಹೆಲ್ವಿ.

"ಆ ಕುರ್ಚಿ..."

"ಕುರ್ಚಿ ನನ್ನ ಮನೇಲಿದೆ. ಕಚ್ಚಿಸ್ಕೊಂಡೋರು ನಿಮ್ಮ ನಿಮ್ಮ ಮನೇಲಿದ್ದೀರಿ. ನನಗ್ಯಾಕೆ ಕಚ್ಚಿಲ್ಲ?"

"ಕೆಲವರ ಮೈಗೆ ಅಭ್ಯಾಸ ಆಗಿರತ್ತೆ" ಎಂದಳು ಸೈಮಿ, ಬನ್ನಿನ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತ.

ಆಗ ಹೆಲ್ವಿಯ ಕೈಯಿಂದ ಚಮಚ ಜಾರಿ ಕೆಳಗೆ ಬಿತ್ತು. ಬಿತ್ತೋ, ಬೀಳಿಸಿದಳೋ, ಇವತ್ತಿಗೂ ನನಗೆ ಗೊತ್ತಿಲ್ಲ. ಮೇಜಿನ ಕೆಳಗೆ ಬಗ್ಗಿದವಳು ಚಮಚ ಹುಡುಕುವುದಕ್ಕಿಂತ ಬಹಳ ಹೊತ್ತು ಅಲ್ಲೇ ಇದ್ದಳು. ಎದ್ದಾಗ ಮುಖ ಕೆಂಪಾಗಿತ್ತು, ಕಣ್ಣಲ್ಲಿ ನಗು.

"ಇಲ್ಲಿರೋ ಮೂವತ್ತು ಕಾಲಲ್ಲಿ ನನ್ನವೆರಡು ಬಿಟ್ಟು ಮಿಕ್ಕಿದ್ದೆಲ್ಲಾ ಒಂದಕ್ಕೊಂದು ಉಜ್ಜಾಡ್ತಿವೆ. ಎಲ್ಲಿ, ತೋಳು ತೋರ್ಸಿ ನೋಡೋಣ. ಕತ್ತು? ಹೆಗಲು?"

ಒಬ್ಬೊಬ್ಬರೇ ತೋಳು ಮೇಲೆತ್ತಿದರು. ಯಾರ ತೋಳಲ್ಲೂ ಏನೂ ಇರಲಿಲ್ಲ.

"ತಿಗಣೆಗೆ ನೆಗೆಯಕ್ಕೆ ಬರಲ್ಲ. ಸೇಬಿನ ಬೀಜದ ಥರ ಚಪ್ಪಟೆ ಪ್ರಾಣಿ, ನಡ್ಕೊಂಡೇ ಬರ್ಬೇಕು. ಹಾಸಿಗೇಲಿ ಮಲಗಿರೋನ ತೋಳು, ಕತ್ತು, ಹೊದಿಕೆಯಿಂದ ಆಚೆ ಏನಿರತ್ತೋ ಅದನ್ನ ಸಾಲಾಗಿ ಕಚ್ಚತ್ತೆ. ದುಪ್ಪಡಿ ಮೇಲೆ ಶಾಯಿ ಚೆಲ್ಲಿದ ಹಾಗೆ ಕಪ್ಪು ಚುಕ್ಕೆ ಬಿಟ್ಟು ಹೋಗತ್ತೆ. ನಿಮ್ಮಲ್ಲಿ ಯಾರಾದ್ರೂ ಚುಕ್ಕೆ ಕಂಡ್ರಾ?"

"ನನ್ನ ಹಾಸಿಗೇಲಿ ಏನೂ ಇಲ್ಲ. ಮೂರು ಸಲ ಹುಡುಕ್ದೆ" ಎಂದಳು ರೀಕ್ಕಾ.

"ಸಿಗಲ್ಲ ಮಗಾ. ನಿಮಗೆಲ್ಲಾ ಕಚ್ಚಿರೋದು ಕಣಕಾಲಿಗೆ. ಇದು ನೆಲದಿಂದ ನೆಗೆಯೋ ಪ್ರಾಣಿ. ಚಿಗಟ. ಬಿಳೀ ಉಣ್ಣೆ ಕಾಲುಚೀಲ ಹಾಕ್ಕೊಂಡು ಕಟ್ಟಡ ಪೂರ್ತಿ ಓಡಾಡಿ. ಎಲ್ಲಿ ಕಾಲುಚೀಲದ ಮೇಲೆ ಕಪ್ಪಗೆ ಹತ್ಕೊಳ್ಳತ್ತೋ ಅಲ್ಲಿದೆ ಅದರ ತವರುಮನೆ."

ಮೇಷ್ಟ್ರು ನಕ್ಕರು. ತರಗತಿಯಲ್ಲಿ ದಡ್ಡ ಹುಡುಗಿಯೊಬ್ಬಳು ಉತ್ತರ ಕೊಟ್ಟಾಗ ನಗುವ ನಗು.

"ಚಿಗಟಕ್ಕೆ ನಾಯಿ ಬೇಕು, ಇಲ್ಲ ಬೆಕ್ಕು ಬೇಕು. ಈ ಕಟ್ಟಡದಲ್ಲಿ ನಾಲ್ಕು ಕಾಲಿನ ಒಂದು ಪ್ರಾಣೀನೂ ಇಲ್ಲ. ಮೂವತ್ತಾರು ವರ್ಷ ಜೀವಶಾಸ್ತ್ರ ಕಲಿಸಿದೀನಮ್ಮ ನಾನು. ನೀವು ಕುರ್ಚಿ ಹೊಲ್ಕೊಂಡಿದ್ದೋರು."

"ಹೌದು. ಅದಕ್ಕೇ ಗೊತ್ತು" ಎಂದಳು ಹೆಲ್ವಿ.

ನಿರ್ಣಯ ಓದಿದರು. ಎಲ್ಲರೂ ತಮ್ಮ ಹಾಸಿಗೆ, ಹೊದಿಕೆ, ಬಟ್ಟೆಗಳನ್ನು ಸೌನಾಕ್ಕೆ ತಂದು ನೂರು ಡಿಗ್ರಿಯಲ್ಲಿ ಬೇಯಿಸಬೇಕು. ಅದಕ್ಕಾಗಿ ವಾರಕ್ಕೆ ಎರಡು ಸರದಿ. ಹೆಲ್ವಿ ಸೋರ್ಮುನೆನ್ ಸೌನಾಕ್ಕೆ ಬಂದರೆ ಹೊರಕೋಣೆಯಲ್ಲಿ ಬಟ್ಟೆ ಬಿಚ್ಚಬೇಕಾಗುವುದರಿಂದ, ತಿಗಣೆ ಹರಡದಿರಲೆಂದು, ಅವಳ ಶನಿವಾರದ ಸರದಿ ಸದ್ಯಕ್ಕೆ ರದ್ದು. ಆ ಗಂಟೆ ತಣ್ಣಗೆ ವ್ಯರ್ಥವಾಗಬಾರದೆಂದು ಅಧ್ಯಕ್ಷರೇ ಅದನ್ನು ವಹಿಸಿಕೊಳ್ಳುತ್ತಾರೆ. ಶುಕ್ರವಾರ ಏಳರವರು ಅಧ್ಯಕ್ಷರ ಗುರುವಾರಕ್ಕೆ, ಆ ಶುಕ್ರವಾರ ಏಳು ತೌನೊನಿಗೆ. ಏಪ್ರಿಲ್ ಕೊನೆಯ ವಾರ್ಷಿಕ ಸಭೆಯಲ್ಲಿ ಈ ಪಟ್ಟಿಯನ್ನು ಕಾಯಂ ಮಾಡುವುದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅನ್ನುತ್ತಾರಲ್ಲ, ಇಲ್ಲಿ ಬರೆ ಹಾಕಿದವರು ಎಮ್ಮೆಯ ಕೊಟ್ಟಿಗೆಯನ್ನೂ ತಮ್ಮ ಹೆಸರಿಗೆ ಬರೆಸಿಕೊಂಡರು.

"ಒಪ್ಪಿಗೆ ಇರೋರು ಕೈ ಎತ್ತಿ."

ಕುರ್ಚಿ ಚಳಿ ಕುಡಿದದ್ದು ನನಗೆ ಗೊತ್ತಿತ್ತು. ಬಾಯಿ ಬಿಡಬಹುದಿತ್ತು. ನಾನು ಕೈ ಎತ್ತಿದೆ. ಎತ್ತಿದ ಕೈ ಮೇಲಿರುವಾಗಲೇ ಕೆಳಗೆ ಎಡಗಾಲಿನಿಂದ ಬಲಗಾಲನ್ನು ಕೆರೆದುಕೊಂಡೆ. ಹೆಲ್ವಿ ನೋಡಿದಳು. ಕಾಫಿ ಬಟ್ಟಲನ್ನು ತಾನೇ ತೊಳೆದಿಟ್ಟು ಹೊರಟುಹೋದಳು.

ಆಮೇಲೆ ಶುರುವಾಯಿತು ನಮ್ಮ ಬೇಯಿಸುವ ಸಂಭ್ರಮ. ದಿಂಬು, ರಜಾಯಿ, ಸೋಫಾದ ಮೆತ್ತೆ, ಸೈಮಿಯ ತುಪ್ಪಳದ ಟೋಪಿ, ಎಲ್ಲ ಸೌನಾದ ಹಲಗೆಯ ಮೇಲೆ. ಅವು ಬೇಯುವ ತನಕ ನಾವು ಹೊರಕೋಣೆಯ ಬೆಂಚಿನ ಮೇಲೆ ಬರಿಗಾಲಲ್ಲಿ ಕೂತು ಕಾಯುತ್ತಿದ್ದೆವು. ಮೊದಲು ವಾರಕ್ಕೊಮ್ಮೆ ಕೂರುತ್ತಿದ್ದವರು ಈಗ ಎರಡು ಸಲ, ಮೂರು ಸಲ. ತುರಿಕೆ ಎರಡರಷ್ಟಾಯಿತು, ಮೂರರಷ್ಟಾಯಿತು. ತುರಿಕೆ ಹೆಚ್ಚಾದಷ್ಟೂ ಹೆಚ್ಚು ಸೌನಾ ಮಾಡಿದೆವು. ಮೇಷ್ಟ್ರು ಸಮಾಧಾನ ಹೇಳಿದರು: "ಸಾಯೋ ಮುಂಚೆ ಜೋರಾಗಿ ಕಚ್ತವೆ. ಒಳ್ಳೇ ಲಕ್ಷಣ." ನನ್ನ ಶುಕ್ರವಾರ ಏಳು ಗಂಟೆ ಎಷ್ಟು ಸುಖವಾಗಿತ್ತೆಂದರೆ ಪಾದದಿಂದ ಮೊಣಕಾಲಿನ ತನಕ ಮುಲಾಮು ಬಳಿದುಕೊಂಡು ಮಲಗುತ್ತಿದ್ದೆ. ಹೆಲ್ವಿಯನ್ನು ಮಾತ್ರ ಏನೂ ಕಚ್ಚಲಿಲ್ಲ. ಅದೂ ಅವಳ ವಿರುದ್ಧದ ಸಾಕ್ಷಿಯೇ ಆಯಿತು.

ಶನಿವಾರಗಳು ನನಗೆ ಕಷ್ಟವಾದವು. ನಾನು ಅವಳ ಕೆಳಗಿನ ಮನೆಯವನು. ಮೊದಲೆಲ್ಲ ಸರಿಯಾಗಿ ಐದಕ್ಕೆ ಹತ್ತು ನಿಮಿಷ ಇರುವಾಗ ಮೇಲಿನ ಬಾಗಿಲು ತೆರೆಯುತ್ತಿತ್ತು, ಚಪ್ಪಲಿಯ ಸದ್ದು ನನ್ನ ಬಾಗಿಲು ದಾಟಿ ಕೆಳಗಿಳಿಯುತ್ತಿತ್ತು. ರದ್ದಾದ ಮೊದಲ ಶನಿವಾರವೂ ಬಾಗಿಲು ತೆರೆಯಿತು. ಚಪ್ಪಲಿ ನಾಲ್ಕು ಮೆಟ್ಟಿಲು ಇಳಿಯಿತು. ನಿಂತಿತು. ಮತ್ತೆ ನಾಲ್ಕು ಮೆಟ್ಟಿಲು ಹತ್ತಿತು. ಎರಡನೆಯ ಶನಿವಾರವೂ ಹಾಗೇ ಆಯಿತು. ಭಾನುವಾರ ಬಾಲ್ಕನಿಯ ಹಗ್ಗ ಖಾಲಿ.

ಮೂರನೆಯ ವಾರ ತಡೆಯಲಾರದೆ ಮೇಲೆ ಹೋದೆ. ಆರಾಮಕುರ್ಚಿಗೆ ಹಸಿರು ಬಟ್ಟೆ ಹೊದಿಸಿ ಮೊಳೆ ಹೊಡೆಯುತ್ತಿದ್ದಳು. ಅಡುಗೆಮನೆಯಲ್ಲಿ ಬೇಸಿನ್ನು, ಪಕ್ಕದಲ್ಲಿ ಒದ್ದೆ ಟವೆಲ್ಲು. ಅವಳ ಶನಿವಾರ ಈಗ ಅಷ್ಟಕ್ಕೆ ಇಳಿದಿತ್ತು.

"ಇನ್ನೊಂದ್ಸಲ ಹೇಳ್ಬಾರ್ದಾ ಹೆಲ್ವಿ? ಕಾಲು ತುಂಬಾ ಗುಳ್ಳೆ ಆಗಿವೆ. ಈಗ ಕೇಳ್ಬೋದು ಅವ್ರು."

"ಒಂದ್ಸಲ ಹೇಳಿದೀನಿ. ಎರಡೆರಡು ಸಲ ಬಾರಿಸಕ್ಕೆ ನಾನೇನು ಚರ್ಚಿನ ಗಂಟೆನಾ?"

"ಹಟ ಮಾಡ್ಬೇಡ."

ಸುತ್ತಿಗೆ ಕೆಳಗಿಟ್ಟಳು. "ತಿಗಣೆಯೋಳು ಅಂದ್ರಲ್ಲ, ಅದಕ್ಕೆ ಬೇಜಾರಿಲ್ಲ ನಂಗೆ. ತಿಗಣೆ ಮಧ್ಯೆನೇ ಬೆಳೆದೋಳು ನಾನು. ನನ್ನ ಶನಿವಾರ ಹೋಯ್ತಲ್ಲ ತೌನೊ, ಹೊಟ್ಟೆ ಉರೀತಿರೋದು ಅದಕ್ಕೆ. ಮೂವತ್ತೊಂದು ವರ್ಷ. ಈ ವಯಸ್ಸಲ್ಲಿ ಇನ್ನೊಂದು ಶನಿವಾರ ಎಲ್ಲಿಂದ ತರ್ಲಿ? ಸಂಕಟ ಆಗತ್ತೆ ಕಣೋ. ಹೋಗು, ನಿಂಗೆ ಶುಕ್ರವಾರ ಇದೆ."

ಆ ಕೊನೆಯ ಮಾತು ಚಿಗಟಕ್ಕಿಂತ ಜೋರಾಗಿ ಕಚ್ಚಿತು. ನಾನು ಇಳಿದು ಬಂದೆ.

ವಾರ್ಷಿಕ ಸಭೆ ಹತ್ತಿರ ಬಂತು. ಪಟ್ಟಿ ಕಾಯಂ ಮಾಡಬೇಕಾದರೆ ಮೇಷ್ಟ್ರಿಗೆ ಲಿಖಿತ ಆಧಾರ ಬೇಕಿತ್ತು, ಹೆಲ್ವಿಯ ಮನೆಯಲ್ಲೇ ತಿಗಣೆ ಇದೆ ಎಂಬ ಕಾಗದ. ದೊಡ್ಡ ಊರಿನಿಂದ ತಿಗಣೆ ಮೂಸುವ ನಾಯಿಯನ್ನು ಕರೆಸಿದರು. ತಾವೇ ತಂದ ನಿಯಮವನ್ನು ತಾವೇ ಒಂದು ದಿನದ ಮಟ್ಟಿಗೆ ಸಡಿಲಿಸಿ, ಅದಕ್ಕೂ ಒಂದು ಚೀಟಿ ಅಂಟಿಸಿದರು.

ನಾಯಿಯ ಹೆಸರು ಪುಲ್ಲಾ, ಅಂದರೆ ಬನ್ನು. ಬಣ್ಣವೂ ಬನ್ನಿನದೇ. ಕರೆತಂದವಳು ಯಾನಾ, ತಿಳಿ ಬೂದು ಪ್ಯಾಂಟು ತೊಟ್ಟ ಗಟ್ಟಿಗಿತ್ತಿ. "ಸಿಕ್ಕಿದ್ರೆ ಕೂತ್ಕೊಂಡು ಮೂಗು ಅಲ್ಲಿಗೇ ಇಟ್ಕೊಂಡಿರತ್ತೆ. ಬೊಗಳಲ್ಲ, ಕುಣಿಯಲ್ಲ" ಎಂದಳು.

ಮೊದಲು ಹೆಲ್ವಿಯ ಮನೆ. ಮೇಷ್ಟ್ರು, ಸೈಮಿ, ರೀಕ್ಕಾ, ನಾನು ಬಾಗಿಲಲ್ಲಿ ನಿಂತು ನೋಡಿದೆವು. ಪುಲ್ಲಾ ಹಾಸಿಗೆ ಮೂಸಿತು, ಗೋಡೆಯಂಚು ಮೂಸಿತು, ಪಾದ್ರಿಯ ಕುರ್ಚಿಯನ್ನು ಸುತ್ತು ಹಾಕಿ ಮೂಸಿತು. ಆಮೇಲೆ ಆಕಳಿಸಿತು.

"ಇನ್ನೊಂದ್ಸಲ ಬಿಡಿ. ಕುರ್ಚಿ ಒಳಗೆ ಬಿಡಿ" ಎಂದರು ಮೇಷ್ಟ್ರು.

"ಇಲ್ಲ ಅಂದ್ರೆ ಇಲ್ಲ ಸರ್. ಇದಕ್ಕೆ ಯಾರ ಮೇಲೂ ದ್ವೇಷ ಇಲ್ಲ" ಎಂದಳು ಯಾನಾ.

ಉಳಿದ ಹನ್ನೊಂದು ಮನೆಯಲ್ಲೂ ಅದೇ ಆಕಳಿಕೆ. ಕೊನೆಗೆ ಉಳಿದದ್ದು ಸೌನಾ. "ಅಲ್ಲಿ ಇರಲ್ಲ ಬಿಡಿ, ಆದ್ರೂ ಕಾಗದ ಪೂರ್ತಿ ಆಗ್ಲಿ" ಎಂದರು ಮೇಷ್ಟ್ರು. ಎಲ್ಲರೂ ಇಳಿದೆವು. ಹೆಲ್ವಿಯೂ ಬಂದು ಕೊನೆಯ ಮೆಟ್ಟಿಲ ಮೇಲೆ ನಿಂತಳು. ಒಳಗೆ ಕಾಲಿಡಲಿಲ್ಲ, ನಿಷೇಧವಿತ್ತಲ್ಲ.

ಪುಲ್ಲಾ ಹೊರಕೋಣೆಗೆ ಹೋಗಿ ಬೆಂಚಿನ ಕೆಳಗೆ ತಲೆ ಹಾಕಿತು. ಹಾಕಿದ್ದೇ ಪಟ್ಟನೆ ಕೂತುಬಿಟ್ಟಿತು.

"ಕೂತ್ಕೊಳ್ತು! ನೋಡಿದ್ರಾ, ಕೂತ್ಕೊಳ್ತು! ಇಲ್ಲಿ ಬಟ್ಟೆ ಬಿಚ್ಚಿದ್ದು ಯಾರು? ಇಷ್ಟು ವರ್ಷ?" ಮೇಷ್ಟ್ರ ದನಿ ಏರಿತು.

ಅಷ್ಟರಲ್ಲಿ ಪುಲ್ಲಾ ಹಿಂಗಾಲೆತ್ತಿ ಕಿವಿಯ ಹಿಂದೆ ಪರಪರ ಕೆರೆದುಕೊಳ್ಳತೊಡಗಿತು. ಆ ಕಡೆ ಕೆರೆಯಿತು, ಈ ಕಡೆ ಕೆರೆಯಿತು, ಕೊನೆಗೆ ನೆಲಕ್ಕೆ ಬಿದ್ದು ಬೆನ್ನು ಉಜ್ಜಿತು.

"ಇದು ಕೆಲಸದ ಸನ್ನೆ ಅಲ್ಲ ಸರ್" ಎಂದ ಯಾನಾ ಬಗ್ಗಿ ತನ್ನ ಪ್ಯಾಂಟಿನ ಕಾಲು ನೋಡಿಕೊಂಡಳು. ತಿಳಿ ಬೂದು ಬಟ್ಟೆಯ ಮೇಲೆ ಸಣ್ಣ ಸಣ್ಣ ಕಪ್ಪು ಚುಕ್ಕೆಗಳು. ಒಂದರ ಮೇಲೆ ಬೆರಳಿಡಲು ಹೋದಳು, ಅದು ಅಲ್ಲಿರಲಿಲ್ಲ. ಬೆಂಚಿನ ಕೆಳಗಿಂದ ಒಂದು ಪೆಟ್ಟಿಗೆ ಎಳೆದು ಮುಚ್ಚಳ ತೆಗೆದಳು. ಹಳೆಯ ಪಾಚಿ, ಗರಿ, ಅದರ ಮೇಲೆ ಎಳ್ಳು ಚೆಲ್ಲಿದ ಹಾಗೆ ಏನೋ. ಆ ಎಳ್ಳು ನೆಗೆಯುತ್ತಿತ್ತು.

"ಹಕ್ಕಿ ಚಿಗಟ. ಗೂಡಲ್ಲಿ ಚಳಿಗಾಲ ಪೂರ್ತಿ ಮಲಗಿರ್ತವೆ. ಬೆಚ್ಚಗಾಗಿ, ಹತ್ರ ಹೆಜ್ಜೆ ಸಪ್ಪಳ ಆಯ್ತು ಅಂದ್ರೆ, ಹಕ್ಕಿ ಬಂತು ಅಂತ ಆಚೆ ಬರ್ತವೆ. ಹಕ್ಕಿ ಸಿಗ್ದೆ ಇದ್ರೆ ಕಾಲಾದ್ರೂ ಆಯ್ತು. ಯಾವ ಪುಣ್ಯಾತ್ಮ ಸರ್ ಇವನ್ನ ತಂದು ಇಲ್ಲಿಟ್ಟಿದ್ದು?"

ಪೆಟ್ಟಿಗೆಯ ಮುಂಭಾಗದಲ್ಲಿ ಒ. ಹಿ., ಹದಿನೇಳು ಎಂದು ಸುಟ್ಟ ಅಕ್ಷರ ಸ್ಪಷ್ಟವಾಗಿತ್ತು. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದ್ದೆವು. ಅದೂ ಸಾಲದೆಂದು ಆ ಮಗುವಿಗೆ ವಾರಕ್ಕೆ ಮೂರು ಸಲ ನಮ್ಮ ಕಾಲು ಊಟಕ್ಕೆ ಬಡಿಸಿದ್ದೆವು. ಹೆಲ್ವಿ ಮಾತ್ರ ಬಟ್ಟೆ ಬಿಚ್ಚಿದ ಕೂಡಲೇ ಒಳಗೆ ಹೋಗುವವಳು, ಆ ಬೆಂಚಿನ ಮೇಲೆ ಕೂತವಳೇ ಅಲ್ಲ.

ಹೆಲ್ವಿ ಮೇಲೆ ಹೋಗಿ ಬಂದಳು. ಕೈಯಲ್ಲಿ ಮೊಣಕಾಲುದ್ದದ ಬಿಳಿ ಉಣ್ಣೆಯ ಕಾಲುಚೀಲ, ತಾನೇ ಹೆಣೆದದ್ದು.

"ಹಾಕ್ಕೊಳ್ಳಿ ಮೇಷ್ಟ್ರೇ."

"ಏನಿ..."

"ಹಾಕ್ಕೊಂಡು ಒಂದು ಸುತ್ತು ನಡೀರಿ."

ಸೊಂಟದ ನೋವಿನ ಮೇಷ್ಟ್ರು ಬೆಂಚಿನ ಮೇಲೆ ಕೂತು ಕಾಲುಚೀಲ ಏರಿಸಿಕೊಂಡು ಎದ್ದು ನಡೆದರು. ಎರಡು ನಿಮಿಷ ಸಾಕಾಯಿತು. ಪಾದದಿಂದ ಮೀನಖಂಡದ ತನಕ ಕಪ್ಪು ಚುಕ್ಕೆಗಳು.

"ನಡೀತಿದಾವಾ, ನೆಗೀತಿದಾವಾ?" ಕೇಳಿದಳು ಹೆಲ್ವಿ.

"ನೆಗೀತಿದಾವೆ" ಎಂದರು ಮೇಷ್ಟ್ರು, ತರಗತಿಯಲ್ಲಿ ಎದ್ದು ನಿಂತ ಹುಡುಗನ ದನಿಯಲ್ಲಿ. ಕಾಲುಚೀಲ ಬಿಚ್ಚುತ್ತ, "ಹಕ್ಕಿಗಳದ್ದೇನೂ ತಪ್ಪಿಲ್ಲ" ಎಂದು ಸೇರಿಸಿದರು.

"ಛೇ, ಹಕ್ಕಿಗಳನ್ನ ಯಾರು ಬೈದ್ರು ಈಗ?" ಎಂದಳು ಹೆಲ್ವಿ.

ಪೆಟ್ಟಿಗೆಗಳು ಅಂಗಳಕ್ಕೆ ಹೋದವು, ಗೂಡುಗಳು ಮಣ್ಣಿಗೆ. ಒಂದು ವಾರ ಸೌನಾಕ್ಕೆ ಬೀಗ. ಆ ವಾರ ದಿನವೂ ಮೇಷ್ಟ್ರೇ ಹೊರಕೋಣೆಯನ್ನು ಗುಡಿಸಿ, ಸಾರಿಸಿ, ಆಮೇಲೆ ಬಿಳಿ ಕಾಲುಚೀಲ ತೊಟ್ಟು ಅತ್ತಿಂದಿತ್ತ ಓಡಾಡಿದರು. ಕಟ್ಟಡದವರೆಲ್ಲ ಏನಾದರೊಂದು ನೆಪ ಮಾಡಿಕೊಂಡು ನೆಲಮಾಳಿಗೆಗೆ ಇಳಿದು ನೋಡಿ ಬಂದರು. ನಾನು ನಾಲ್ಕು ಸಲ ಇಳಿದೆ. ಏಳನೆಯ ದಿನ ಕಾಲುಚೀಲ ಬೆಳ್ಳಗೇ ಉಳಿಯಿತು.

ವಾರ್ಷಿಕ ಸಭೆಯ ನಡವಳಿಯಲ್ಲಿ ಹೀಗೆ ಬರೆಯಲಾಯಿತು: "ಸೌನಾ ಸರದಿಯ ಹಂಗಾಮಿ ಬದಲಾವಣೆ ಇನ್ನು ಅಗತ್ಯವಿಲ್ಲದ ಕಾರಣ ಹಿಂದಿನ ಪಟ್ಟಿಯನ್ನೇ ಮುಂದುವರಿಸುವುದು." ತಪ್ಪು ಎಂಬ ಪದ ಆ ನಡವಳಿಯಲ್ಲಿ ಎಲ್ಲಿಯೂ ಇಲ್ಲ. ತಿಗಣೆ ಎಂಬುದೂ ಇಲ್ಲ, ಚಿಗಟ ಎಂಬುದೂ ಇಲ್ಲ. ಆ ದಿನವೂ ಕೈ ಎತ್ತಲು ಹೇಳಿದರು. ಎಲ್ಲರಿಗಿಂತ ಮೊದಲು ಎತ್ತಿದವನು ನಾನು. ನಾಚಿಕೆಗೆಟ್ಟ ಕೈ, ಯಾವುದಕ್ಕೂ ಎತ್ತುತ್ತದೆ.

ಆ ಶನಿವಾರ ಐದಕ್ಕೆ ಹತ್ತು ನಿಮಿಷವಿರುವಾಗ ಮೇಲಿನ ಬಾಗಿಲು ತೆರೆಯಿತು. ಚಪ್ಪಲಿಯ ಸದ್ದು ಇಳಿದು ಬಂದು ನನ್ನ ಬಾಗಿಲ ಮುಂದೆ ನಿಂತಿತು. ಬಾಗಿಲು ತಟ್ಟಿದಳು.

"ಅವತ್ತು ಕೈ ಎತ್ತಿದ್ಯಲ್ಲ, ಯಾವ ಕೈ?"

ನಾನು ಬಲಗೈ ತೋರಿಸಿದೆ. "ತಪ್ಪಾಯ್ತು ಹೆಲ್ವಿ" ಎಂದೆ.

"ಆ ಕೈಯಲ್ಲಿ ಇದನ್ನ ಹಿಡ್ಕೋ. ಮಂಡಿ ನೋವು ನಂಗೆ" ಎಂದು ತನ್ನ ಮರದ ಬಕೆಟ್ಟನ್ನು ಕೊಟ್ಟಳು.

ಅವಳ ಹಿಂದೆ ಇಳಿದೆ. ಹೊರಕೋಣೆಯಲ್ಲಿ ನೀರು ತುಂಬಿಕೊಂಡು ಒಳಗಿನ ಬಾಗಿಲ ತನಕ ಹೋದೆ. ಕಲ್ಲುಗಳು ಕಾದಿದ್ದವು. ಹೆಲ್ವಿ ಮೇಲಿನ ಹಲಗೆಯನ್ನು ಅಂಗೈಯಿಂದ ಒರೆಸಿ, ಕಂಕುಳಲ್ಲಿದ್ದ ನಾರಿನ ಬಟ್ಟೆ ಬಿಡಿಸಿ ಹಾಸಿದಳು. ಪಕ್ಕದಲ್ಲಿ ಇನ್ನೊಂದನ್ನು ಹಾಸಿ, ಅದರ ಸುಕ್ಕನ್ನು ತೀಡಿದಳು.

"ಎರಡ್ಯಾಕೆ?" ಎಂದೆ. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಕೇಳಿದ್ದು.

"ಒಂದು ನಂದು, ಒಂದು ಪಾವೊದು" ಎಂದಳು, ನನ್ನ ಕಡೆ ತಿರುಗದೆ. "ಬದುಕಿದ್ದಾಗ ಸೆಕೆ ಸೆಕೆ ಅಂತ ಹತ್ತು ನಿಮಿಷಕ್ಕೇ ಎದ್ದು ಓಡೋನು ಮಹಾರಾಯ. ಈಗ ಪೂರ್ತಿ ಗಂಟೆ ಕೂತಿರ್ತಾನೆ. ಆರು ವಾರ ಎಲ್ಲಿ ಕೂತಿದ್ನೋ ಪಾಪ."

ನಾನು ಬಕೆಟ್ಟನ್ನು ಕೆಳಗಿಟ್ಟು, ಬಾಗಿಲು ಮುಂದಕ್ಕೆಳೆದು, ಮೆಟ್ಟಿಲು ಹತ್ತಿ ಬಂದೆ. ನನ್ನ ಬುಧವಾರಕ್ಕೆ ಇನ್ನೂ ನಾಲ್ಕು ದಿನವಿತ್ತು.